ಜೀವನಚರಿತ್ರೆಯ ಆಯ್ಕೆ: ಸ್ವಾಮಿ ರಾಮಾನಂದ ತೀರ್ಥರನ್ನು ಕುರಿತ ಬರಹಗಳಿಗೆ ಕೆಲವು ಮಾನದಂಡಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪರಿಸರವು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿತ್ತು. ರಜಾಕಾರರ ಹಾವಳಿ ಮತ್ತು ಸೈನಿಕ ಕಾರ್ಯಾಚರಣೆಯ ನೆನಪುಗಳು ಇಲ್ಲಿನ ಮನೆಮಾತಿನಲ್ಲಿ ಇನ್ನೂ ಉಳಿದಿವೆ. ಇಂತಹ ಪರಿಸರದ ತರಗತಿಗೆ ಹೈದರಾಬಾದ್ ವಿಮೋಚನಾ ಚಳುವಳಿಯ ನಾಯಕ ಸ್ವಾಮಿ ರಾಮಾನಂದ ತೀರ್ಥರ (1903–1972) ಜೀವನಚರಿತ್ರೆಯನ್ನು ಆರಿಸುವಾಗ ಅನುಸರಿಸಬೇಕಾದ ಮಾನದಂಡಗಳನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲನೆಯದು, ಆತ್ಮಕಥನದೊಂದಿಗಿನ ಸಂಬಂಧ. ತೀರ್ಥರು ಹೋರಾಟದ ನೆನಪುಗಳನ್ನು 1967ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದನ್ನೇ ಸಂಗ್ರಹಿಸಿ ಹೇಳುವ ಕೃತಿ ಪರಿಚಯವಾಗಬಲ್ಲದೇ ಹೊರತು ಜೀವನಚರಿತ್ರೆಯಾಗಲಾರದು. ನಾಯಕನ ಮಾತನ್ನು ಅನ್ಯ ಆಕರಗಳೊಂದಿಗೆ ಒರೆಗೆ ಹಚ್ಚುವುದು ಚರಿತ್ರಕಾರನ ಹೊಣೆ.

ಎರಡನೆಯದು, ನಾಯಕ ಮತ್ತು ಸಮುದಾಯದ ಪ್ರಮಾಣ. 1947ರ ಆಗಸ್ಟ್ 15ರಂದು ತೀರ್ಥರು ಬಂಧಿತರಾದರು; 1948ರ ಸೆಪ್ಟೆಂಬರ್ 13ರಂದು ಸೈನಿಕ ಕಾರ್ಯಾಚರಣೆ ಆರಂಭವಾದಾಗಲೂ ಅವರು ಸೆರೆಯಲ್ಲಿದ್ದರು. ಹಾಗಿದ್ದಲ್ಲಿ ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಶಿಬಿರಗಳ ಹೋರಾಟವನ್ನು ನಡೆಸಿದವರು ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದ ಕೃತಿಯು ಜನರ ಸಾಹಸವನ್ನು ಒಬ್ಬರ ಹೆಸರಿಗೆ ಬರೆದಂತಾಗುತ್ತದೆ. ಎನ್. ಎಂ. ಜೋಶಿಯವರೊಡನೆ ಕಾರ್ಮಿಕ ಸಂಘಟನೆಯಲ್ಲಿ ದುಡಿದ ಅನುಭವ ತೀರ್ಥರಿಗಿತ್ತು. ಕಲ್ಲುಗಣಿಗಳ ಶಹಾಬಾದ, ರೈಲ್ವೆ ಜಂಕ್ಷನ್ನಿನ ವಾಡಿಯ ಓದುಗರಿಗೆ ಅವರ ಬದುಕಿನ ಈ ಮುಖವೂ ದೊರೆಯಬೇಕು.

ಮೂರನೆಯದು, ವಿರೋಧಿಗಳ ಚಿತ್ರಣ. ಭಾರತ ಒಕ್ಕೂಟದೊಡನೆ ವಿಲೀನವನ್ನು ಬೆಂಬಲಿಸಿದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹತರಾದರು. ಅವರನ್ನು ಕೈಬಿಟ್ಟ ಕಥನವು ರಾಜಕೀಯ ಸಂಘರ್ಷವನ್ನು ಎರಡು ಧರ್ಮಗಳ ಕಲಹವಾಗಿ ಕುಗ್ಗಿಸುತ್ತದೆ.

ನಾಲ್ಕನೆಯದು ಹಾಗೂ ಅತ್ಯಂತ ಕಠಿಣವಾದುದು, ವಿಜಯಾನಂತರದ ದಿನಗಳ ನಿರೂಪಣೆ. ಸೆಪ್ಟೆಂಬರ್ 17ಕ್ಕೆ ಕಥೆ ಮುಗಿಸುವುದು ಸುಲಭ. ಆದರೆ ನೆಹರೂ ಅವರು ಕಳುಹಿಸಿದ ಸುಂದರ್‌ಲಾಲ್ ಸಮಿತಿಯು ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿ, ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ರಜಾಕಾರರ ಕ್ರೌರ್ಯವನ್ನೂ ಈ ಸಾವುಗಳನ್ನೂ ಒಂದೇ ನಿಷ್ಠೆಯಿಂದ ದಾಖಲಿಸುವ ಕೃತಿಯೇ ವಿಶ್ವಾಸಾರ್ಹ. ಒಂದು ನೋವನ್ನು ಇನ್ನೊಂದರ ಸಮರ್ಥನೆಯಾಗಿ ಬಳಸುವುದು ಚರಿತ್ರೆಯಲ್ಲ.

ಈ ನಾಲ್ಕೂ ಮಾನದಂಡಗಳನ್ನು ಪೂರೈಸುವ ಒಂದೇ ಕೃತಿ ದೊರೆಯದಿದ್ದರೆ ಆತ್ಮಕಥನ, ಸಮಿತಿಯ ವರದಿ ಹಾಗೂ ಸ್ಥಳೀಯ ಮೌಖಿಕ ಕಥನಗಳನ್ನು ಜೊತೆಗಿಟ್ಟು ಬೋಧಿಸುವುದು ಸೂಕ್ತ. ತರಗತಿಯಲ್ಲಿ ಎರಡೂ ಬಗೆಯ ನೋವನ್ನುಂಡ ಮನೆಗಳ ಮಕ್ಕಳು ಅಕ್ಕಪಕ್ಕದಲ್ಲೇ ಕುಳಿತಿರುವುದರಿಂದ, ಪುಸ್ತಕದ ಆಯ್ಕೆಯು ಇಲ್ಲಿ ಕೇವಲ ಸಾಹಿತ್ಯಾಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.