ಮೊಟ್ಟೆಯ ಧಾರಣೆ ಏರಿಳಿಯುವ ಬಗೆ: ಕರ್ಜಗಿ ಸೀಮೆಯ ರೈತರಿಗೆ ತಿಳಿವಳಿಕೆ

ಕರ್ಜಗಿಯ ಸುತ್ತಲಿನ ಗ್ರಾಮಗಳಲ್ಲಿ ಗೋವಿನಜೋಳವು ಮುಖ್ಯವಾದ ಬೆಳೆ. ಕೋಳಿಯ ಮೇವಿನಲ್ಲಿ ಸುಮಾರು ಅರ್ಧಪಾಲು ಇದೇ ಧಾನ್ಯವಾಗಿರುವುದರಿಂದ, ಕೋಳಿ ಸಾಕದ ರೈತನಿಗೂ ಮೊಟ್ಟೆಯ ಧಾರಣೆಗೂ ಸಂಬಂಧವುಂಟು. ಸಾಕುವವನಂತೂ ಧಾರಣೆಯ ಮೂಲವನ್ನರಿಯದೆ ಹಣ ಹೂಡಬಾರದು.

1. ಖರ್ಚು. ಮೊಟ್ಟೆಯ ಉತ್ಪತ್ತಿಯ ಖರ್ಚಿನಲ್ಲಿ ಮೂರರಲ್ಲೆರಡು ಪಾಲು ಮೇವಿಗೇ ಸಲ್ಲುತ್ತದೆ. ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. 100 ಕೋಳಿಗಳಿಗೆ 11 ಕಿಲೋ. ಅವು 90 ಮೊಟ್ಟೆಗಳನ್ನಿಟ್ಟರೆ ಮೊಟ್ಟೆಯೊಂದಕ್ಕೆ ತಗಲುವ ಮೇವು 122 ಗ್ರಾಂ. 60 ಮಾತ್ರ ಇಟ್ಟರೆ 183 ಗ್ರಾಂ. ಮುದಿ ಕೋಳಿಗಳನ್ನು ಇಟ್ಟುಕೊಳ್ಳುವುದರಿಂದಾಗುವ ನಷ್ಟವು ಇದರಿಂದ ಸ್ಪಷ್ಟವಾಗುತ್ತದೆ.

2. ಒದಗುವ ಕಾಲ. ಮರಿಯು ಮೊಟ್ಟೆಯಿಡಲು ಸುಮಾರು ಐದು ತಿಂಗಳು ಬೇಕು. ಅಷ್ಟು ಕಾಲ ಖರ್ಚೇ ಹೊರತು ಆದಾಯವಿಲ್ಲ. ಧಾರಣೆ ಏರಿದಾಗ ಎಲ್ಲರೂ ಒಮ್ಮೆಲೇ ಮರಿಗಳನ್ನು ಕೊಂಡರೆ, ಅವೆಲ್ಲವೂ ಒಮ್ಮೆಲೇ ಮೊಟ್ಟೆಯಿಟ್ಟು ಧಾರಣೆ ಬೀಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಶೀತಗೃಹದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಮೊಟ್ಟೆಯನ್ನು ಹಾಗೆ ಬಹುಕಾಲ ಇಡಲಾಗದು. ಬಿರುಬೇಸಗೆಯಲ್ಲಿ ಕೋಳಿಗಳು ಮೇವು ತಿನ್ನುವುದು ಕಡಿಮೆಯಾಗಿ, ಮೊಟ್ಟೆಗಳೂ ಕಡಿಮೆಯಾಗುತ್ತವೆ, ಚಿಪ್ಪು ತೆಳುವಾಗುತ್ತದೆ.

3. ಬೇಡಿಕೆ. ಶ್ರಾವಣಮಾಸದಲ್ಲಿ ವ್ರತನಿಯಮಗಳ ಕಾರಣ ಬೇಡಿಕೆ ತಗ್ಗುತ್ತದೆ, ಚಳಿಗಾಲದಲ್ಲಿ ಹೆಚ್ಚುತ್ತದೆ. 2022-23ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಿರುವುದು ಹಳ್ಳಿಯಲ್ಲಿಯೇ ಒದಗಿದ ಗಿರಾಕಿ. ಆದರೆ ಬೇಸಗೆಯ ರಜೆಯಲ್ಲಿ ಅದು ನಿಲ್ಲುತ್ತದೆ. ರೋಗದ ಸುದ್ದಿಯೂ ಧಾರಣೆಯನ್ನು ಕೆಡಿಸುತ್ತದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ರೋಗವಿಲ್ಲದ ಪ್ರಾಂತಗಳಲ್ಲಿಯೂ ಜನರು ಮೊಟ್ಟೆ ಕೊಳ್ಳಲು ಹಿಂಜರಿದರು.

4. ಧಾರಣೆಯ ಪ್ರಕಟಣೆ. 1982ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಹೊಸಪೇಟೆಯೇ ಮೊದಲಾದ ಕೇಂದ್ರಗಳ ಧಾರಣೆಯನ್ನು ದಿನದಿನವೂ ಸೂಚಿಸುತ್ತದೆ. ಇದು ಸೂಚನೆ ಮಾತ್ರ. ಕೈಗೆ ಬರುವ ಹಣದಲ್ಲಿ ಸಾಗಣೆಯೂ ಒಡಕೂ ಕಳೆಯುತ್ತವೆ. ಆದರೂ ಇದನ್ನು ತಿಳಿಯದೆ ವ್ಯಾಪಾರಿಯೊಡನೆ ಮಾತಿಗೆ ಕೂರಬಾರದು.

5. ಮಾಡತಕ್ಕ ಕಾರ್ಯಗಳು.

(ಅ) ಜ್ಯೇಷ್ಠದಲ್ಲಿ ತಂದ ಮರಿಗಳು ಕಾರ್ತಿಕದ ಹೊತ್ತಿಗೆ ಮೊಟ್ಟೆಯಿಡಲಾರಂಭಿಸಿ, ಚಳಿಗಾಲದ ಒಳ್ಳೆಯ ಧಾರಣೆಯನ್ನು ಪಡೆಯುತ್ತವೆ. ಹೊಸ ಗೋವಿನಜೋಳವು ಕೈಸೇರುವುದೂ ಆಗಲೇ.

(ಆ) ಎಲ್ಲ ಮರಿಗಳನ್ನೂ ಒಮ್ಮೆಗೇ ತರದೆ, ಎರಡು ಮೂರು ತಂಡಗಳಾಗಿ ತಂದರೆ ಒಂದು ಕಾಲದ ನಷ್ಟವನ್ನು ಇನ್ನೊಂದು ಕಾಲದ ಲಾಭವು ತುಂಬುತ್ತದೆ.

(ಇ) ಮೇವಿಗಿಡುವ ಜೋಳವನ್ನು ಚೆನ್ನಾಗಿ ಒಣಗಿಸತಕ್ಕದ್ದು. ತೇವವುಳಿದ ಕಾಳಿಗೆ ಬೂಷ್ಟು ಹಿಡಿದು ಅದರ ವಿಷದಿಂದ ಕೋಳಿಗಳು ಕೃಶವಾಗುತ್ತವೆ.

(ಈ) ಕೋಳಿಗಳು ಗುಂಪಾಗಿ ಸತ್ತರೆ ಊರಿನ ಮುಖಂಡರು ತಡಮಾಡದೆ ಪಶುವೈದ್ಯ ಶಾಲೆಗೆ ತಿಳಿಸಬೇಕು. ಉಳಿದವನ್ನು ಸಂತೆಗೆ ಸಾಗಿಸಿದರೆ ಒಬ್ಬನ ನಷ್ಟವು ಸೀಮೆಗೆಲ್ಲ ಹರಡುತ್ತದೆ.

(ಉ) ಮೇವಿನ ತೂಕ, ಮೊಟ್ಟೆಯ ಲೆಕ್ಕ, ಮಾರಿದ ಧಾರಣೆ, ಇವನ್ನು ದಿನವೂ ಬರೆದಿಡತಕ್ಕದ್ದು. ಧಾರಣೆಯು ರೈತನ ಕೈಯಲ್ಲಿಲ್ಲ. ಮರಿ ತರುವ ಕಾಲವೂ ಮೇವಿನ ಲೆಕ್ಕವೂ ಅವನ ಕೈಯಲ್ಲಿಯೇ ಇವೆ.