ಮರದ ಬುಡದಲ್ಲೊಂದು ಅಣಬೆ

ಮಕ್ಕಳೇ, ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಾ? ಅಲ್ಲಿನ ಮೂರು ಹಿರಿಯ ಮರಗಳಲ್ಲಿ ಒಂದು 2023ರ ಜುಲೈನಲ್ಲಿ ಉರುಳಿಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಮರ ಉರುಳಲು ಕಾರಣಗಳು ಹಲವು. ಅವುಗಳಲ್ಲಿ ಒಂದರ ಗುರುತು ಹೊರಗೇ ಕಾಣುತ್ತದೆ. ಅದೇ ಅಣಬೆ.

ಮಳೆಗಾಲದಲ್ಲಿ, ಒಣಗುತ್ತಿರುವ ಹಳೆಯ ಮರದ ಬುಡ ನೋಡಿ. ಗೋಡೆಗೆ ಹೊಡೆದ ಹಲಗೆಯಂತೆ ಕಾಂಡಕ್ಕೆ ಅಂಟಿಕೊಂಡ ಗಟ್ಟಿ ಅಣಬೆ ಇರಬಹುದು. ಮೇಲ್ಭಾಗ ಕೆಂಗಂದು, ವಾರ್ನಿಶ್ ಬಳಿದಂಥ ಹೊಳಪು. ಅಂಚು ಬಿಳಿ. ಕೆಳಭಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳು. ಇದು ಗ್ಯಾನೋಡರ್ಮಾ. ಹಾನಗಲ್ಲಿನ ಅಡಿಕೆ ಬೆಳೆಗಾರರನ್ನು ಕೇಳಿ, ‘ಅಣಬೆ ರೋಗ’ ಎಂದು ಥಟ್ಟನೆ ಹೇಳಿಯಾರು.

ನಾವು ನೋಡುವ ಅಣಬೆ ಶಿಲೀಂಧ್ರದ ಹಣ್ಣಿದ್ದಂತೆ. ಅದರ ದೇಹ ನೂಲಿನಂಥ ಎಳೆಗಳಾಗಿ ಕಟ್ಟಿಗೆಯೊಳಗೆ ಹರಡಿರುತ್ತದೆ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಬಹಳ ದಿನಗಳಿಂದ ಊಟ ನಡೆದಿರುತ್ತದೆ!

ಕಟ್ಟಿಗೆಯಲ್ಲಿ ಸೆಲ್ಯುಲೋಸ್ ಎಂಬ ನಾರು, ಅದನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಇರುತ್ತವೆ. ಗ್ಯಾನೋಡರ್ಮಾ ಲಿಗ್ನಿನ್ನನ್ನೂ ತಿನ್ನುತ್ತದೆ. ಆಗ ಕಟ್ಟಿಗೆ ಬೆಳ್ಳಗೆ, ಸ್ಪಂಜಿನಂತೆ ಮೆತ್ತಗಾಗುತ್ತದೆ. ಇದು ಬಿಳಿ ಕೊಳೆ. ಬೇರೆ ಕೆಲವು ಶಿಲೀಂಧ್ರಗಳು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಹುಪಾಲು ಬಿಟ್ಟುಬಿಡುತ್ತವೆ. ಆ ಕಟ್ಟಿಗೆ ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯ ಮಣ್ಣಿನಂತೆ ಚೌಕ ಚೌಕವಾಗಿ ಬಿರಿದು, ಬೆರಳಲ್ಲೇ ಪುಡಿಯಾಗುತ್ತದೆ. ಇದು ಕಂದು ಕೊಳೆ. ಶಿಗ್ಗಾಂವಿ, ಹಿರೇಕೆರೂರು, ನೀವು ಎಲ್ಲೇ ಇರಿ, ಕೊಳೆತು ಬಿದ್ದ ಕೊಂಬೆ ಸಿಕ್ಕರೆ ಮುರಿದು ನೋಡಿ. ಯಾವ ಕೊಳೆ ಎಂದು ಹೇಳಬಲ್ಲಿರಾ?

ಮೇಲೆ ಎಲೆ ಹಸಿರಾಗಿದೆ ಎಂದು ನಂಬಬೇಡಿ. ನೀರು ಏರುವುದು ಕಾಂಡದ ಹೊರಪದರಗಳಲ್ಲಿ. ಒಳಗಿನ ಕೆಚ್ಚು ಟೊಳ್ಳಾಗಿದ್ದರೂ ಎಲೆಗೆ ನೀರು ಸಿಗುತ್ತಿರುತ್ತದೆ. ಅಣಬೆಯನ್ನು ಕಿತ್ತೊಗೆದರೂ ಒಳಗಿನ ಎಳೆಗಳು ಹಾಗೇ ಉಳಿಯುತ್ತವೆ. ಶಾಲೆಯ ಅಂಗಳದ ಮರದಲ್ಲಿ ಇಂಥ ಅಣಬೆ ಕಂಡರೆ ಅದರ ಕೆಳಗೆ ಆಡಬೇಡಿ. ಅಂದೇ ನಿಮ್ಮ ಗುರುಗಳಿಗೆ ತೋರಿಸಿ.