ಹಾಡಿಗೆ ಮೊದಲು ಅಚ್ಚು

ಶಾಲೆಯ ಹೊಲಿಗೆಯ ತರಗತಿಯಲ್ಲಿ ಕುಳಿತವರಾರೂ ಕಾಗದದ ಅಚ್ಚನ್ನು ಮರೆತಿರಲಾರರು. ಒಮ್ಮೆ ಅಳತೆಗೆ ಸರಿಯಾಗಿ ಕಾಗದವನ್ನು ಕತ್ತರಿಸಿಟ್ಟುಕೊಂಡರೆ ಮುಂದೆ ಎಷ್ಟು ಕುಪ್ಪಸಗಳನ್ನಾದರೂ ಬಟ್ಟೆ ಕೆಡದಂತೆ ಹೊಲಿಯಬಹುದು. ಗಣಕಯಂತ್ರದಲ್ಲಿ ಸಂಗೀತವನ್ನು ಮುದ್ರಿಸುವ ಸಾಫ್ಟ್‌ವೇರುಗಳಲ್ಲಿಯೂ ಇಂಥದೊಂದು ಅಚ್ಚುಂಟು. ಅದಕ್ಕೆ ಟೆಂಪ್ಲೇಟ್ ಎಂದು ಹೆಸರು.

ಇದರಿಂದ ನಮಗೇನು ಪ್ರಯೋಜನವೆಂದು ಪಾಲಕರು ಕೇಳಬಹುದು. ಯಲ್ಲಾಪುರ ತಾಲೂಕಿನ ಇಡಗುಂದಿಯ ಸುತ್ತಿನ ಸೀಮೆಯಲ್ಲಿ ಹವ್ಯಕ ಸ್ತ್ರೀಯರ ಮದುವೆಯ ಹಾಡುಗಳೂ, ಸಿದ್ದಿಯರ ಡಮಾಮಿಯೂ, ಯಕ್ಷಗಾನದ ಪದಗಳೂ, ಕ್ರೈಸ್ತರ ಕೀರ್ತನೆಗಳೂ ಉಂಟು. ಇವುಗಳಲ್ಲಿ ಎಷ್ಟೋ ಹಾಡುಗಳು ಬರಹಕ್ಕೆ ಬಾರದೆ ಮುದುಕಿಯರ ಕಂಠದಲ್ಲಿಯೇ ಉಳಿದಿವೆ. ಅಜ್ಜಿಯು ಹಾಡಲು ಕುಳಿತ ಮೇಲೆ ಮೊಮ್ಮಗಳು ಮೈಕಿನ ದಾರಿಯನ್ನು ಹುಡುಕುತ್ತ ಅರ್ಧ ತಾಸು ಕಳೆದರೆ, ಅಷ್ಟರಲ್ಲಿ ಅಜ್ಜಿಯ ಉಸಿರು ದಣಿಯುವುದು, ನೆನಪು ಜಾರುವುದು. ಆದಕಾರಣ ಸಿದ್ಧತೆಯು ಮೊದಲೇ ಆಗಿರತಕ್ಕದ್ದು. ಅದರ ಕ್ರಮವು ಹೀಗೆ:

ಒಂದನೆಯದು, ಧ್ವನಿಯ ಅಳತೆ. ಸಿ.ಡಿ. ತಟ್ಟೆಗೆ ಸೆಕೆಂಡಿಗೆ 44,100 ಮಾದರಿಗಳೂ 16 ಬಿಟ್ಟುಗಳೂ ಸಾಕು. ಮುದ್ರಿಸುವಾಗಲಾದರೋ 48,000 ಮತ್ತು 24 ಬಿಟ್ಟುಗಳನ್ನು ಗೊತ್ತುಮಾಡುವುದು ಒಳ್ಳೆಯದು. 24 ಬಿಟ್ಟುಗಳಿದ್ದರೆ ಮಟ್ಟವನ್ನು ತಗ್ಗಿಸಿ ಮುದ್ರಿಸಿದರೂ ಗುಣವು ಕೆಡುವುದಿಲ್ಲ. ಆದುದರಿಂದ ಅತ್ಯಂತ ಜೋರಾದ ಧ್ವನಿಯು ಋಣ 12 ಡೆಸಿಬೆಲ್ಲಿನ ಸುಮಾರಿಗೆ ನಿಲ್ಲಲಿ. ಚಂಡೆಯು ತಟ್ಟನೆ ಏರಿದರೂ ಒಡೆದು ಕೇಳಿಸದು.

ಎರಡನೆಯದು, ಟ್ರ್ಯಾಕುಗಳು. ಯಕ್ಷಗಾನಕ್ಕೆ ಭಾಗವತರು, ಮದ್ದಲೆ, ಚಂಡೆ, ಶ್ರುತಿ ಎಂದು ನಾಲ್ಕು; ಹುಡುಗಿಯರ ಗಾಯನವೃಂದಕ್ಕೆ ಮೇಲಿನ, ನಡುವಿನ, ಕೆಳಗಿನ ಧ್ವನಿಗಳೆಂದು ಮೂರು, ಹಾರ್ಮೋನಿಯಮ್ಮಿಗೆ ಒಂದು. ಪ್ರತಿಯೊಂದಕ್ಕೂ ಹೆಸರನ್ನೂ ಮೈಕಿನ ಸಂಖ್ಯೆಯನ್ನೂ ಕೊಟ್ಟಿಡಬೇಕು.

ಮೂರನೆಯದು, ಸೋಸುವಿಕೆ. ಕಂಠದ ಟ್ರ್ಯಾಕಿನಲ್ಲಿ ಸುಮಾರು 80 ಹರ್ಟ್ಸಿಗಿಂತ ಕೆಳಗಿನದನ್ನು ತಡೆದರೆ ಗಾಳಿಯ ಗುಂಯ್ಗುಟ್ಟುವಿಕೆಯೂ ಕಾಲಸಪ್ಪಳವೂ ತಗ್ಗುವುವು. ಮದ್ದಲೆಗೂ ಡಮಾಮಿಗೂ ಹಾಗೆ ಮಾಡಕೂಡದು. ಯಾಕಂದರೆ ಆ ಕೆಳನಾದವೇ ಅವುಗಳ ಜೀವ. ಮಾಡಿನ ಮೇಲೆ ಸುರಿಯುವ ಮಳೆಯ ಸದ್ದನ್ನಾದರೋ ಈ ಸೋಸುವಿಕೆಯು ತೆಗೆಯಲಾರದು. ಮಳೆ ನಿಲ್ಲುವ ವರೆಗೆ ಕಾಯುವುದೇ ಉಪಾಯ.

ನಾಲ್ಕನೆಯದು, ತಾನಾಗಿ ಉಳಿಸುವ ಏರ್ಪಾಡು. ಮಳೆಗಾಲದಲ್ಲಿ ವಿದ್ಯುತ್ತು ಹೇಳಿ ಹೋಗುವುದಿಲ್ಲವಾದುದರಿಂದ ಐದೈದು ನಿಮಿಷಕ್ಕೆ ಉಳಿಸುವಂತೆ ಗೊತ್ತುಮಾಡಿರಿ.

ಇಷ್ಟಾದ ಮೇಲೆ, ಧ್ವನಿಯೇನನ್ನೂ ಮುದ್ರಿಸದೆ, ಬರಿದಾದ ಈ ಕಡತವನ್ನೇ ಟೆಂಪ್ಲೇಟಾಗಿ ಉಳಿಸಬೇಕು. ರೀಪರಿನಲ್ಲಿ 'ಸೇವ್ ಪ್ರಾಜೆಕ್ಟ್ ಆಸ್ ಟೆಂಪ್ಲೇಟ್' ಎಂದೂ, ಲಾಜಿಕ್ಕಿನಲ್ಲಿ 'ಸೇವ್ ಆಸ್ ಟೆಂಪ್ಲೇಟ್' ಎಂದೂ ಇರುತ್ತದೆ. ಮುಂದೆ ಅದನ್ನು ತೆರೆದೊಡನೆ ಮೊಟ್ಟಮೊದಲು ಆ ದಿನದ ಹಾಡಿನ ಹೆಸರಿನಿಂದ ಬೇರೆಯಾಗಿ ಉಳಿಸಿರಿ. ಕಾಗದದ ಅಚ್ಚನ್ನೇ ಯಾರೂ ಹೊಲಿದುಬಿಡುವುದಿಲ್ಲವಷ್ಟೆ.

ಇನ್ನೊಂದು ಎಚ್ಚರಿಕೆಯುಂಟು. ಇಂಥ ಸಾಫ್ಟ್‌ವೇರುಗಳಲ್ಲಿ ಹಲವು, ಯಾರೂ ಹೇಳದಿದ್ದರೂ, ನಿಮಿಷಕ್ಕೆ 120 ಬಡಿತ, ನಾಲ್ಕರ ಎಣಿಕೆ ಎಂದು ತಾವೇ ಗೊತ್ತುಮಾಡಿಕೊಂಡಿರುತ್ತವೆ. ಯಕ್ಷಗಾನದ ತ್ರಿಪುಟೆಗೆ 7, ಝಂಪೆಗೆ 10, ಅಷ್ಟತಾಳಕ್ಕೆ 14 ಅಕ್ಷರಗಳು. ಮದುವೆಯ ಹಾಡಾದರೋ ಹಾಡುವವಳ ಉಸಿರನ್ನು ಅನುಸರಿಸುವುದು. ಆದುದರಿಂದ ಟೆಂಪ್ಲೇಟಿನಲ್ಲಿ ಬಡಿತದ ಸದ್ದನ್ನು ನಿಲ್ಲಿಸಿಡಿರಿ. ಶ್ರುತಿಯನ್ನು ಯಂತ್ರದಿಂದಲ್ಲ, ಹಾಡುವವಳಿಂದಲೇ ಕೇಳಿಕೊಳ್ಳಿರಿ. ಮೈಗೆ ತಕ್ಕಂತೆ ಅಚ್ಚನ್ನು ತಿದ್ದುವವಳೇ ಜಾಣೆ. ಟೆಂಪ್ಲೇಟು ಹಾಡಿಗೋಸ್ಕರ ಇರುವುದೇ ಹೊರತು ಹಾಡು ಟೆಂಪ್ಲೇಟಿಗೋಸ್ಕರವಲ್ಲ.

ಮದಲಿಂಗನನ್ನು ಎದುರುಗೊಳ್ಳಹೋದ ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿದ್ದೇವೆ. ದೀಪವು ಎಲ್ಲರ ಕೈಯಲ್ಲಿಯೂ ಇತ್ತು, ಎಣ್ಣೆಯು ಐವರಲ್ಲಿ ಮಾತ್ರವೇ ಇತ್ತು. ಹಳೆಯ ವಿದ್ಯಾರ್ಥಿನಿಯರೇ, ಗಣಕಯಂತ್ರವು ಈಗ ನಿಮ್ಮಲ್ಲಿ ಅನೇಕರ ಮನೆಯಲ್ಲಿದೆ. ಈ ರಜೆಯಲ್ಲಿ ಒಂದು ಸಂಜೆ ಕುಳಿತು ಟೆಂಪ್ಲೇಟನ್ನು ಸಿದ್ಧಮಾಡಿಟ್ಟು, ಮರುದಿನ ಅಜ್ಜಿಯನ್ನು ಹಾಡಲು ಕರೆಯಿರಿ. ಅವರನ್ನು ಕಾಯಿಸಬೇಡಿರಿ.